ಮುಂಬಯಿಗೆ ನಾಲ್ಕು ತಾಸು, ಎಮ್ಮಿಗನೂರಿಗೆ ಆರು ದಿನ

ಹೋದ ತಿಂಗಳು ನಮ್ಮ ಮನೆಗೆ ಇಬ್ಬರು ಬಂದಿದ್ದರು. ಆದೋನಿಯ ಹಳೆಯ ವ್ಯಾಪಾರಸ್ಥರ ಬಗ್ಗೆ ಏನೋ ಪುಸ್ತಕ ಮಾಡುತ್ತಾರಂತೆ. "ನಿಮ್ಮ ಮಾವನವರು ಆ ಕಾಲದಲ್ಲೇ ವಿಮಾನ ಹತ್ತಿದ್ದರಂತಲ್ಲ, ಅಮ್ಮಾ. ಅದರ ಬಗ್ಗೆ ನಾಲ್ಕು ಮಾತು ಹೇಳ್ರಿ" ಎಂದರು. ಚಹಾ ಕೊಟ್ಟು, ನನಗೆ ವಯಸ್ಸಾಗಿದೆ, ಏನೂ ನೆನಪಿಲ್ಲ ಎಂದು ಹೇಳಿ ಕಳಿಸಿದೆ. ಸುಳ್ಳು. ಮೊಮ್ಮಕ್ಕಳ ಹೆಸರು ಒಂದೊಂದು ಸಲ ಅದಲುಬದಲಾಗುತ್ತದೆ, ಆದರೆ ಆ ವಿಮಾನದ ಕಥೆಯ ಒಂದು ಅಕ್ಷರವೂ ನನ್ನ ತಲೆಯಿಂದ ಅಳಿಸಿಲ್ಲ. ಅವರಿಗೆ ಬೇಕಾಗಿದ್ದು ನಾಲ್ಕು ಒಳ್ಳೆಯ ಮಾತು. ನನ್ನ ಹತ್ತಿರ ಇದ್ದದ್ದು ಒಳ್ಳೆಯ ಮಾತಲ್ಲ. ಅವರು ಹೋದ ಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಐದಾರು ವರ್ಷ ಮುಂಚಿನ ಮಾತು. ಆಗ ನಮ್ಮದು ಬಳ್ಳಾರಿ ಜಿಲ್ಲೆ. ನಮ್ಮ ಮಾವನವರದು ಆದೋನಿಯಲ್ಲಿ ದೊಡ್ಡ ಹತ್ತಿ ವ್ಯಾಪಾರ. ಮನೆಯ ಮುಂದಿನ ಪಡಸಾಲೆಯಲ್ಲಿ ಮಂಡಿ, ಹಿಂದೆ ಹತ್ತಿಬಂಡಿ ಇಳಿಸುವ ಅಂಗಳ, ನಡುವೆ ನಾವು ಹೆಂಗಸರು. ನಾನು ಎಮ್ಮಿಗನೂರಿನವಳು. ನಮ್ಮಪ್ಪ ನೇಕಾರರಿಗೆ ನೂಲು ಮಾರುತ್ತಿದ್ದ, ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದ. ಅಲ್ಲಿ ಉಳಿದವರು ಅವ್ವ, ಅಣ್ಣ, ಅತ್ತಿಗೆ. ನಾನು ಹದಿನಾರಕ್ಕೆ ಈ ಮನೆ ಸೊಸೆಯಾಗಿ ಬಂದೆ. ಈಗ ಹೇಳುತ್ತಿರುವುದು ನಡೆದಾಗ ಇಪ್ಪತ್ತೊಂದು. ಇನ್ನೂ ಮಕ್ಕಳಾಗಿರಲಿಲ್ಲ. ಮನೆಯಲ್ಲಿ ಹದಿಮೂರು ಜನ ಉಣ್ಣುವವರು, ಸೊಸೆ ಎಂದು ಇದ್ದವಳು ನಾನೊಬ್ಬಳೇ.

ಆದೋನಿಗೂ ಎಮ್ಮಿಗನೂರಿಗೂ ಆರು ಹರದಾರಿ. ಹದಿನೆಂಟು ಮೈಲಿ. ದಿನಾ ಬೆಳಗಾದರೆ ಆ ಕಡೆಯಿಂದ ಹತ್ತಿ ತುಂಬಿದ ಬಂಡಿಗಳು ನಮ್ಮ ಅಂಗಳಕ್ಕೆ ಬರುತ್ತಿದ್ದವು, ಇಳಿಸಿ ಬರಿದಾಗಿ ತಿರುಗಿ ಹೋಗುತ್ತಿದ್ದವು. ಅಡುಗೆಮನೆಯ ಕಿಟಕಿಯಿಂದ ಎತ್ತುಗಳ ಕೊಂಬು ನೋಡಿ ಇವು ಗೋನೆಗಂಡ್ಲದವು, ಇವು ನಮ್ಮೂರ ಕಡೆಯವು ಎಂದು ಹೇಳಬಲ್ಲವಳಾಗಿದ್ದೆ. ಐದು ವರ್ಷದಲ್ಲಿ ತವರಿಗೆ ಹೋದದ್ದು ಮೂರು ಸಲ. ಕೇಳಿದಾಗೆಲ್ಲ ಅತ್ತೆ, "ಅಷ್ಟು ದೂರ ಹೆಂಗ ಕಳಸೋದು?" ಅನ್ನುತ್ತಿದ್ದರು. ಬಂಡಿಯಲ್ಲಿ ಕಳಿಸಿದರೆ ಒಂದು ದಿನ ಹೋಗುವುದಕ್ಕೆ, ಒಂದು ದಿನ ಬರುವುದಕ್ಕೆ. ಸರ್ವೀಸ್ ಮೋಟಾರಿನಲ್ಲಿ, ಅಂದರೆ ಬಸ್ಸಿನಲ್ಲಿ, ಕಂಡವರ ಜತೆ ಕೂತು ಹೋಗುವುದು ನಮ್ಮ ಮನೆತನಕ್ಕೆ ಒಪ್ಪುವುದಲ್ಲ. ನಿಜವಾದ ಕಾರಣ ಹದಿಮೂರು ಜನರ ರೊಟ್ಟಿ. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ದೂರ ಅಂತ ಹೇಳುತ್ತಿದ್ದರು.

ಆಗ ಟಪಾಲು ಒಯ್ಯುವ ವಿಮಾನವೊಂದು ಬಳ್ಳಾರಿಯ ಬಯಲಲ್ಲಿ ಇಳಿದು ಹಾರುತ್ತಿತ್ತು. ಟಪಾಲು ಚೀಲಗಳ ಜತೆ ಒಬ್ಬಿಬ್ಬರನ್ನು ಕೂಡಿಸಿಕೊಂಡು ಹೋಗುತ್ತಿದ್ದರು. ಮುಂಬಯಿಯ ಹತ್ತಿ ದಲಾಲರೊಬ್ಬರು ಹೇಳಿ ಮಾವನವರಿಗೆ ಅದರಲ್ಲಿ ಜಾಗ ಕೊಡಿಸಿದರು. ಮುಂಬಯಿಗೆ ಹೋಗುವ ಮೇಲ್ ಗಾಡಿ ನಮ್ಮ ಆದೋನಿ ಸ್ಟೇಷನ್ನಿನಲ್ಲೇ ನಿಲ್ಲುತ್ತಿತ್ತು. ಹತ್ತಿ ಮಲಗಿದರೆ ಮಾರನೆಯ ದಿನ ಮುಂಬಯಿ. ಮಾವನವರು ಅದನ್ನು ಬಿಟ್ಟು, ತಿರುಗಾ ಗುಂತಕಲ್ಲಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ, ಬಳ್ಳಾರಿಯಲ್ಲಿ ನೆಂಟರ ಮನೆಯಲ್ಲಿ ತಂಗಿ, ಮಾರನೆಯ ದಿನ ವಿಮಾನ ಹತ್ತಿದರು. ಎಲ್ಲ ಲೆಕ್ಕ ಹಾಕಿದರೆ ರೈಲಿನವನೇ ಮೊದಲು ಮುಟ್ಟಿರುತ್ತಿದ್ದ. ಆದರೆ ಆ ಲೆಕ್ಕ ಯಾರು ಹಾಕುತ್ತಾರೆ? ಅವರು ಸೊಂಟದ ಗಡಿಯಾರ ಹಿಡಿದು ಎಣಿಸಿದ್ದು ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವವರೆಗೆ. ನಾಲ್ಕು ತಾಸು.

ಬರುವಾಗ ರೈಲಿನಲ್ಲೇ ಬಂದರು. ಸ್ಟೇಷನ್ನಿಗೆ ಹೂವಿನ ಹಾರ ಹಿಡಿದು ಮಂಡಿಯವರೆಲ್ಲ ಹೋಗಿದ್ದರು. ಅವತ್ತಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ. ಬೆಳಿಗ್ಗೆ ಒಂದು ಗುಂಪು, ಸಂಜೆ ಒಂದು ಗುಂಪು. ಮಾವನವರು ಅದೇ ಜಾಗದಲ್ಲಿ ಅದೇ ಕೆಮ್ಮು ಕೆಮ್ಮಿ ಶುರುಮಾಡುತ್ತಿದ್ದರು. ತಕ್ಕಡಿಯಲ್ಲಿ ನಿಲ್ಲಿಸಿ ತೂಕ ನೋಡಿದರಂತೆ. ಕಿವಿಗೆ ಹತ್ತಿ ತುರುಕಿದರಂತೆ. "ಜಗತ್ತಿಗೆಲ್ಲ ಹತ್ತಿ ಮಾರೋ ನನ್ನ ಕಿವಿಗೇ ಹತ್ತಿ ತುರುಕಿದ್ರು ನೋಡ್ರಿ!" ಇಲ್ಲಿ ಎಲ್ಲರೂ ನಗಬೇಕು. ನಗುತ್ತಿದ್ದರು. ಕೃಷ್ಣಾ ನದಿ ಜನಿವಾರದ ಎಳೆಯಂತೆ ಕಂಡಿತಂತೆ. ಕೊನೆಗೆ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, "ಇನ್ನ ಬೊಂಬಾಯಿ ದೂರ ಅಲ್ಲ. ಈ ಜಗತ್ತಿನ್ಯಾಗ ದೂರ ಅನ್ನೋದ ಇಲ್ಲ" ಅನ್ನುತ್ತಿದ್ದರು.

ಹೇಳದೇ ಇದ್ದದ್ದೊಂದು ಇತ್ತು. ದಲಾಲರ ಗುಮಾಸ್ತ ನನ್ನ ಗಂಡನಿಗೆ ಹೇಳಿದ್ದು, ಗಂಡ ನಗು ತಡೆಯಲಾರದೆ ನನಗೆ ಹೇಳಿದ್ದು. ಮಾವನವರಿಗೆ ದಾರಿಯಲ್ಲಿ ಹೊಟ್ಟೆ ತೊಳಸಿ, ಬೇರೇನೂ ಕೈಗೆ ಸಿಗದೆ ತಲೆಯ ರುಮಾಲಿನಲ್ಲೇ ವಾಂತಿ ಮಾಡಿಕೊಂಡು, ಮುಂಬಯಿಯಲ್ಲಿ ಬರಿದಲೆಯಲ್ಲಿ ಇಳಿದಿದ್ದರು. ಆಗ ನಾವಿಬ್ಬರೂ ನಕ್ಕೆವು. ನನ್ನ ಗಂಡ ಕೆಟ್ಟವರಲ್ಲ. ಆದರೆ ಅಪ್ಪನ ಬೆನ್ನ ಹಿಂದೆ ನಗುವುದಕ್ಕಿಂತ ಹೆಚ್ಚಿನದು ಅವರ ಕೈಲಿ ಆಗುತ್ತಿರಲಿಲ್ಲ.

ಮಾವನವರು ಬಂದ ವಾರದೊಳಗೆ, ಒಂದು ಬುಧವಾರ, ಊರ ಹಿರಿಯರಿಗೆ, ವ್ಯಾಪಾರಸ್ಥರಿಗೆ, ಒಬ್ಬಿಬ್ಬರು ಅಧಿಕಾರಿಗಳಿಗೆ ಊಟ ಇಟ್ಟುಕೊಂಡರು. ಊಟ ಅಂದರೆ ವಿಮಾನದ ಕಥೆ ಕೇಳುವುದಕ್ಕೆ ಊಟ. ಸೋಮವಾರದಿಂದಲೇ ಕಡಲೆಬೇಳೆ ಆರಿಸುವುದು, ಬೆಲ್ಲ ಕುಟ್ಟುವುದು, ಎಲೆ ಒರೆಸುವುದು. ಬುಧವಾರ ನಸುಕಿನಿಂದ ಹೂರಣ ರುಬ್ಬಿ, ನಿಂತಲ್ಲೇ ನಿಂತು ಹೋಳಿಗೆ ಬೇಯಿಸಿದೆ. ಎಷ್ಟು ಎಂದು ಎಣಿಸಲಿಲ್ಲ, ಬೆರಳ ತುದಿ ಸುಟ್ಟು ಬೆಳ್ಳಗಾಗಿತ್ತು. ಪಡಸಾಲೆಯಲ್ಲಿ ಕಿವಿಗೆ ಹತ್ತಿ ತುರುಕಿದ ಜಾಗ ಬಂದು ಎಲ್ಲರೂ ನಕ್ಕದ್ದು ಒಲೆಯ ಹತ್ತಿರ ಕೇಳಿಸಿತು. ಬಡಿಸುವಾಗ ಅತ್ತೆ ನನ್ನ ಮುಖ ನೋಡದೆ ಪಾತ್ರೆ ಇಸಿದುಕೊಳ್ಳುತ್ತಿದ್ದರು. ದಣಿವು ಇರಬೇಕು ಅಂದುಕೊಂಡೆ.

ಮಾರನೆಯ ದಿನ, ಗುರುವಾರ ಬೆಳಿಗ್ಗೆ, ಹಿತ್ತಲಲ್ಲಿ ಎಲೆ ಚೆಲ್ಲಲು ಹೋದಾಗ ನಮ್ಮೂರ ಕಡೆಯ ಬಂಡಿಯವನೊಬ್ಬ ಎತ್ತಿಗೆ ನೀರು ಕುಡಿಸುತ್ತಿದ್ದ. ನನ್ನನ್ನು ನೋಡಿ ಬೆಚ್ಚಿದ.

"ಇದೇನಮ್ಮಾ, ಇನ್ನೂ ಇಲ್ಲೇ ಅದೀಯಾ? ಯಾಕ ಹೋಗಲಿಲ್ಲ?"

"ಎಲ್ಲಿಗೆ?"

"ಅಯ್ಯೋ! ನಿಮ್ಮವ್ವಗ ಜರ ಬಂದು ಭಾಳ ಆಗೈತಿ. ನಿಮ್ಮಣ್ಣ ಹೇಳಿ ಕಳಿಸ್ಯಾನ. ಸೋಮವಾರಮೇ ಚೆಪ್ಪಿನಾನು ಕದಮ್ಮಾ, ಸಾವ್ಕಾರ್ಗ ಹೇಳಿದ್ನಲ್ಲ! ಇವತ್ತು ಮತ್ತ ಹೇಳು ಅಂದ, ಅದಕ್ಕ ಬಂದೀನಿ."

ಸೋಮವಾರ ಹೇಳಿದ್ದ. ನಾನು ಬೇಳೆ ಆರಿಸುತ್ತಿದ್ದ ಸೋಮವಾರ.

ಒಳಗೆ ಹೋಗಿ ಅತ್ತೆಯ ಮುಂದೆ ನಿಂತೆ. "ಅತ್ತ್ಯಾರೆ, ನಮ್ಮವ್ವಗ ಜಡ್ಡಾಗೈತಂತ ನಿಮಗ ಗೊತ್ತಿತ್ತಾ?"

ಅವರು ವಿಭೂತಿ ಡಬ್ಬಿಯ ಮುಚ್ಚಳ ಹಾಕಿ ತೆಗೆದು ಹಾಕಿ ಮಾಡಿದರು. "ಊಟ ಆಗಲಿ, ಆಮ್ಯಾಲೆ ಹೇಳಾಣು ಅಂದ್ರು ಅವರು. ಮನಿ ತುಂಬ ಮಂದಿ ಬರೋರಿದ್ರು. ನೀ ಅಳ್ತಾ ಕುಂತ್ರ ಯಾರು ಮಾಡೋರು?"

ಆ ಮಾತನ್ನು ಅವರು ತಪ್ಪು ಎಂದುಕೊಂಡು ಹೇಳಲಿಲ್ಲ. ಒಲೆಗೆ ಸೌದೆ ಬೇಕು ಎಂದು ಹೇಳುವ ಹಾಗೆ ಹೇಳಿದರು. ಇವತ್ತಿಗೂ ನನಗೆ ಎದೆ ಉರಿಯುವುದು ಅದಕ್ಕೇ.

ಮಾವನವರ ಜತೆ ಸೊಸೆ ನೇರ ಮಾತಾಡುವ ಪದ್ಧತಿ ಇರಲಿಲ್ಲ. ಗಂಡನನ್ನು ಕಳಿಸಿದೆ. ಹೋಗಿ ಬಂದರು. "ನಾಳೆ ಶುಕ್ರವಾರ, ಮನಿ ಸೊಸಿನ ಹೊರಗ ಕಳಸಬಾರ್ದಂತ. ಶನಿವಾರ ಬ್ಯಾಡ. ಐತವಾರ ಅಮಾಸಿ. ಸೋಮವಾರ ನೋಡಾಣು ಅಂದ್ರು. ಈ ಬಿಸಿಲಾಗ ಅಷ್ಟು ದೂರ ಯಾಕ, ಜರ ತಾನ ಇಳೀತೈತಿ ಅಂದ್ರು."

"ನೀವೇನಂದ್ರಿ?"

"ನಾನೇನು ಅನ್ನಲಿ?"

ಗುರುವಾರ ಹೋಗಲಿಲ್ಲ. ಶುಕ್ರವಾರ ಹೋಗಲಿಲ್ಲ. ಮಾವನವರನ್ನು ಬೈದಷ್ಟೇ ನನ್ನನ್ನು ನಾನು ಬೈದುಕೊಳ್ಳುವುದು ಈ ಎರಡು ದಿನಕ್ಕೆ. ಗುರುವಾರ ಆ ಬಂಡಿ ನನ್ನ ಕಣ್ಣೆದುರೇ ಖಾಲಿಯಾಗಿ ತಿರುಗಿ ಹೋಯಿತು. ಒಂದು ಕಾಲೆತ್ತಿ ಹತ್ತಿದ್ದರೆ ಮುಗಿದಿತ್ತು. ನಾನು ಕಿಟಕಿಯ ಸರಳು ಹಿಡಿದು ನಿಂತೆ. ಅಳು ಬಂತು. ಅತ್ತು ರೊಟ್ಟಿ ಬಡಿದೆ. ಯಾರೂ ನನ್ನನ್ನು ಕಟ್ಟಿಹಾಕಿರಲಿಲ್ಲ, ಬಾಗಿಲಿಗೆ ಬೀಗ ಇರಲಿಲ್ಲ.

ಶನಿವಾರ ಬೆಳಿಗ್ಗೆ ಪಡಸಾಲೆಯಲ್ಲಿ ಮತ್ತೆ ಆ ಕೆಮ್ಮು ಕೇಳಿಸಿತು. ಪತ್ತಿಕೊಂಡದಿಂದ ಯಾರೋ ಬಂದಿದ್ದರು. "ಬಳ್ಳಾರಿ ಬಿಟ್ಟು ಬೊಂಬಾಯಿ ಎಷ್ಟು ತಾಸು ಅಂತೀರಿ?" ಎಂದು ಮಾವನವರು ಶುರುಮಾಡಿದರು. ನಾನು ತಟ್ಟುತ್ತಿದ್ದ ರೊಟ್ಟಿಯನ್ನು ಮರದ ಕೊಣಮಿಗೆಯಲ್ಲೇ ಬಿಟ್ಟೆ. ಕೈ ತೊಳೆದೆ. ಎರಡು ರೊಟ್ಟಿ, ಒಂದು ಮುದ್ದೆ ಪುಂಡಿಪಲ್ಯ ಬಟ್ಟೆಯಲ್ಲಿ ಕಟ್ಟಿಕೊಂಡೆ. ಗಂಡ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದರು. "ನಾನು ಎಮ್ಮಿಗನೂರಿಗೆ ಹೋಗ್ತೀನಿ" ಎಂದೆ.

"ಯಾವಾಗ?"

"ಈಗ."

ಅವರ ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು. ಬೇಡ ಅನ್ನಲಿಲ್ಲ. ಬರುತ್ತೇನೆ ಎಂದೂ ಅನ್ನಲಿಲ್ಲ. ಹಿತ್ತಲ ಬಾಗಿಲಿಂದ ಹೊರಟೆ.

ಮೊದಲು ಸರ್ವೀಸ್ ಮೋಟಾರು ನಿಲ್ಲುವ ಜಾಗಕ್ಕೆ ಹೋದೆ. ಚೀಟಿ ಕೊಡುವವನು ನನ್ನನ್ನು ಗುರುತಿಸಿದ. "ನೀವು ಹತ್ತಿ ಸಾವ್ಕಾರ್ರ ಸೊಸಿ ಅಲ್ಲೇನ್ರಿ? ಜೋಡಿ ಯಾರದಾರ?" ಯಾರೂ ಇಲ್ಲ ಎಂದೆ. "ಹಂಗ ಕೂಡಿಸ್ಕಂಡು ಹೋದ್ರ ನಾಳೆ ಸಾವ್ಕಾರ್ರು ನನ್ನ ಕೇಳ್ತಾರ. ಮನಿಯಿಂದ ಒಬ್ಬರನ್ನ ಕರಕಂಡು ಬರ್ರಿ ಅಮ್ಮಾ." ಮೋಟಾರಿನಲ್ಲಿ ಜಾಗ ಇತ್ತು. ಕಣ್ಣಿಗೆ ಕಾಣುತ್ತಿತ್ತು. ಒಳಗೆ ಒಬ್ಬ ಎರಡು ಕೋಳಿ ಕಟ್ಟಿಕೊಂಡು ಕೂತಿದ್ದ. ಕೋಳಿಗಳಿಗೆ ಜೋಡಿ ಯಾರೂ ಬೇಕಿರಲಿಲ್ಲ.

ನಡೆದೆ. ಐದು ವರ್ಷ ಮನೆಯ ಒಳಗೇ ಓಡಾಡಿದ ಕಾಲು. ಊರು ದಾಟುವಷ್ಟರಲ್ಲಿ ಬಿಸಿಲು ಏರಿತು. ಎರಡೂ ಕಡೆ ಹತ್ತಿ ಬಿಡಿಸಿಯಾದ ಕರಿನೆಲ, ಒಣಗಿದ ಗಿಡದ ಮೋಟು. ದಾರಿಯ ಧೂಳು ಕೆಂಡದ ಹಾಗೆ ಕಾದಿತ್ತು. ಬರಿಗಾಲು. ಎದುರಿನಿಂದ ಹತ್ತಿಬಂಡಿಗಳು ಬರುತ್ತಿದ್ದವು, ಎಲ್ಲ ನಮ್ಮ ಮಂಡಿಗೇ. ಬಂಡಿಯ ಮೇಲಿದ್ದವರು ತಿರುತಿರುಗಿ ನೋಡುತ್ತಿದ್ದರು. ಸೆರಗು ಮುಂದಕ್ಕೆ ಎಳೆದುಕೊಂಡು ನಡೆದೆ. ಒಂದು ಹರದಾರಿ ನಡೆದ ಮೇಲೆ ಸೆರಗು ಎಳೆದುಕೊಳ್ಳುವುದನ್ನೂ ಬಿಟ್ಟೆ.

ಕಂಬಳಿ ಹೊರೆ ಹೊತ್ತ ಒಬ್ಬ ಕುರುಬರ ಮುದುಕಿ ನನ್ನ ಜತೆ ಕೂಡಿಕೊಂಡಳು. ಅವಳು ಯಾರು ಏನು ಎಂದು ಕೇಳಲಿಲ್ಲ, ನನ್ನ ಕಾಲು ನೋಡಿ ಹೊರೆ ಇಳಿಸಿ ಕೂತಳು. ದಾರಿ ಬದಿಯ ಎಕ್ಕೆ ಎಲೆ ಕಿತ್ತು, ಅಂಗಾಲಿಗೆ ಒತ್ತಿ, ಬಟ್ಟೆ ಹರಿದು ಕಟ್ಟಿದಳು.

"ಯಾರಿಗಿ ಜಡ್ಡು?" ಎಂದಳು.

"ನಮ್ಮವ್ವಗ. ನಿನಗ ಹೆಂಗ ಗೊತ್ತಾತು?"

"ಇಂಥಾ ಸೀರಿ ಉಟ್ಟಾಕಿ ಇಂಥಾ ಬಿಸಿಲಾಗ ನಡಿಯೋದು ಅದಕ್ಕ ಅಲ್ದ ಇನ್ಯಾತಕ್ಕ?"

ಐದು ವರ್ಷದಲ್ಲಿ ನನ್ನನ್ನು ನೋಡಿ ತಾನಾಗಿ ಒಂದು ವಿಷಯ ಅರ್ಥ ಮಾಡಿಕೊಂಡವಳು ಅವಳೊಬ್ಬಳೇ ಎಂದು ನನಗೆ ಆಗ ಅನ್ನಿಸಿತು. ಬುತ್ತಿಯ ರೊಟ್ಟಿ ಇಬ್ಬರೂ ಒಂದೊಂದು ತಿಂದೆವು. ಅವಳು ತನ್ನ ಹಳ್ಳಿಯ ದಾರಿ ಹಿಡಿದಳು.

ಹೊತ್ತು ನೆತ್ತಿಯಿಂದ ಇಳಿದ ಮೇಲೆ ಹಿಂದಿನಿಂದ ಒಂದು ಖಾಲಿ ಬಂಡಿ ಬಂತು. ನಮ್ಮ ಅಂಗಳದಲ್ಲೇ ಹತ್ತಿ ಇಳಿಸಿ ಬರುತ್ತಿದ್ದ ಬಂಡಿ. ಹೊಡೆಯುವವನು ತೆಲುಗಿನವನು. ಎತ್ತು ನಿಲ್ಲಿಸಿ, "ಎಕ್ಕಮ್ಮಾ, ಎಕ್ಕು" ಎಂದ. ಹತ್ತಿ ಕೂತೆ. ಹಲಗೆಯ ಸಂದಿನಲ್ಲಿ ಹತ್ತಿಯ ಚೂರು ಸಿಕ್ಕಿಕೊಂಡಿತ್ತು. ಇಡೀ ದಾರಿ ಅವನು ಎತ್ತುಗಳ ಜತೆ ಮಾತಾಡಿದ, ನನ್ನ ಜತೆ ಆಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಎಮ್ಮಿಗನೂರು ಮುಟ್ಟಿದೆವು. ನೇಕಾರರ ಓಣಿಯಲ್ಲಿ ಮಗ್ಗಗಳು ಇನ್ನೂ ಬಡಿಯುತ್ತಿದ್ದವು. ಆ ಸದ್ದು ಕೇಳಿದ್ದೇ ಬಂಡಿಯಿಂದ ಇಳಿದು, ಕಾಲಿನ ಕಟ್ಟು ಬಿಚ್ಚಿಕೊಂಡರೂ ನೋಡದೆ ಓಡಿದೆ.

ಅಣ್ಣ ಬಾಗಿಲಲ್ಲಿ ನಿಂತಿದ್ದ. ನನ್ನನ್ನು ತಬ್ಬಲಿಲ್ಲ, ಒಳಗೆ ಬಾ ಅನ್ನಲಿಲ್ಲ. "ಈಗ ಪುರಸೊತ್ತಾತಾ?" ಎಂದ. "ಎರಡು ಸಲ ಹೇಳಿ ಕಳಿಸೀನಿ. ದೊಡ್ಡ ಮನಿಯಾಕಿ ಆಗಿಬಿಟ್ಟಿ."

"ಅಣ್ಣಾ, ನನಗ ಹೇಳಲಿಲ್ಲ ಅವರು."

"ಹೇಳಲಿಲ್ಲ?"

"ಗುರುವಾರದ ತನಕ ಹೇಳಲಿಲ್ಲ. ಇವತ್ತು ನಡಕಂತ ಬಂದೀನಿ."

ಅವನು ನನ್ನ ಕಾಲು ನೋಡಿದ. ಗೋಡೆಗೆ ಒರಗಿಕೊಂಡ. ಸಿಟ್ಟು ಇಳಿಯಲು ಜಾಗ ಇಲ್ಲದೆ ಅವನ ಬಾಯಿ ಒಂದು ಥರ ಆಯಿತು.

ಅವ್ವ ಒಳಕೋಣೆಯಲ್ಲಿ ಮಲಗಿದ್ದಳು. ಹಿಂದಿನ ದಿನದಿಂದ ಮಾತು ನಿಂತಿತ್ತು. ಕಣ್ಣು ತೆರೆದಿತ್ತು, ನಾನು ಎದುರು ಬಂದರೆ ನನ್ನ ಕಡೆ ತಿರುಗುತ್ತಿತ್ತು, ಅಷ್ಟೇ. ಕೈ ಹಿಡಿದೆ. ಬಿಗಿ ಹಿಡಿದಳೋ, ನನಗೆ ಹಾಗೆ ಅನ್ನಿಸಿತೋ, ಗೊತ್ತಿಲ್ಲ. ಅತ್ತಿಗೆ ಆಮೇಲೆ ಹೇಳಿದಳು. ಜ್ವರ ಏರಿದ ದಿನದಿಂದ ಬಂಡಿಯ ಸದ್ದಾದಾಗೆಲ್ಲ ಅವ್ವ "ಬಂದ್ಲಾ?" ಎಂದು ಕೇಳುತ್ತಿದ್ದಳಂತೆ. ಗುರುವಾರ ರಾತ್ರಿ ಅಣ್ಣ ಸಿಟ್ಟಿನಿಂದ, "ಆಕಿ ಬರಾಂಗಿಲ್ಲ ಬಿಡವ್ವಾ" ಎಂದು ರೇಗಿದನಂತೆ. ಅದಕ್ಕೆ ಅವ್ವ, "ಬೈಬ್ಯಾಡಪ್ಪ. ಆ ಮನ್ಯಾಗ ಆಕಿಗೆ ಕೆಲಸ ಭಾಳ" ಎಂದಳಂತೆ. ಅದಾದ ಮೇಲೆ ಅರ್ಥವಾಗುವ ಮಾತು ಆಡಲಿಲ್ಲ.

ನಾನು ಹೋಳಿಗೆ ಬೇಯಿಸಿ ಸುಸ್ತಾಗಿ ಮಲಗಿದ್ದ ಬುಧವಾರ ಅವಳಿಗೆ ಇನ್ನೂ ಮಾತು ಇತ್ತು. ಗುರುವಾರ ಬಂಡಿ ಹತ್ತಿದ್ದರೂ ಒಂದು ಮಾತು ಸಿಗುತ್ತಿತ್ತು. ಸೋಮವಾರ ಹೊರಟಿದ್ದರೆ ನಾಲ್ಕು ದಿನ ಪಕ್ಕದಲ್ಲಿ ಕೂತು ಏನೇನೋ ಮಾತಾಡಬಹುದಿತ್ತು. ಅವಳು ಮುಂದಿನ ಸೋಮವಾರ ಮಧ್ಯಾಹ್ನ ಹೋದಳು. ಮಾವನವರು ಒಳ್ಳೆಯ ದಿನ ಎಂದು ಗೊತ್ತುಮಾಡಿದ್ದ ಸೋಮವಾರವೇ.

ಮೂರನೆಯ ದಿನ ಆದೋನಿಯಿಂದ ಅವರೆಲ್ಲ ಮಾತಾಡಿಸಲು ಬಂದರು. ಬಾಡಿಗೆ ಕಾರು ಮಾಡಿಕೊಂಡು ಬಂದರು. ಮಾವನವರು, ಗಂಡ, ಮಂಡಿಯವರು ಇಬ್ಬರು. ಓಣಿಯ ಮಕ್ಕಳೆಲ್ಲ ಕಾರಿನ ಸುತ್ತ ನೆರೆದರು. ಪಡಸಾಲೆಯಲ್ಲಿ ಜಮಖಾನ ಹಾಸಿ ಕೂಡಿಸಿದೆವು. ನಮ್ಮ ಕಡೆಯ ಹಿರಿಯರು ಇದ್ದರು, ನೇಕಾರರ ಓಣಿಯವರು ಇದ್ದರು. ಮಾವನವರು ತಲೆ ತಗ್ಗಿಸಿ, ಶಿವ ಕರಕೊಂಡ, ಮುತ್ತಿನಂಥ ಹೆಣ್ಮಗಳು ಎಂದೆಲ್ಲ ಹೇಳಬೇಕಾದ್ದು ಹೇಳಿದರು. ಆಮೇಲೆ ಒಬ್ಬ ಮುದುಕ, ಸುಮ್ಮನೆ ಮಾತಿಗೆ, "ಸಾವ್ಕಾರ್ರ, ಇಮಾನ ಹತ್ತಿದ್ರಂತಲ್ಲ, ಖರೇನಾ?" ಎಂದ.

ಬೇರೆ ಯಾರಾದರೂ ಆಗಿದ್ದರೆ, ಅದು ಈಗ ಬೇಡಪ್ಪ ಅನ್ನುತ್ತಿದ್ದರು. ಮಾವನವರು ಕೆಮ್ಮಿದರು.

ನಾನು ಒಳಗೆ, ಅವ್ವನ ದೀಪ ಇಟ್ಟ ಜಾಗದಲ್ಲಿ ಕೂತಿದ್ದೆ. ತಕ್ಕಡಿ ಬಂತು. ಹತ್ತಿ ಬಂತು. ಯಾರೋ ನಕ್ಕೂ ಬಿಟ್ಟರು. ಕೃಷ್ಣಾ ನದಿ ಬಂತು. "ನಾಲ್ಕ ತಾಸು. ಇನ್ನ ದೂರ ಅನ್ನೋದ ಇಲ್ಲ ನೋಡ್ರಿ" ಎನ್ನುವುದು ಬಂತು. ನಾನು ಎದ್ದದ್ದು ನನಗೆ ಗೊತ್ತಿಲ್ಲ. ಪಡಸಾಲೆಯ ನಡುವೆ, ಅಷ್ಟು ಜನ ಗಂಡಸರ ಎದುರು ನಿಂತಿದ್ದೆ. ತಲೆಯ ಮೇಲೆ ಸೆರಗಿರಲಿಲ್ಲ.

"ಮಾವಾರೆ, ಆದೋನಿಯಿಂದ ಎಮ್ಮಿಗನೂರಿಗೆ ಎಷ್ಟು ತಾಸು?"

ಅವರು ನನ್ನನ್ನು ನೋಡಲಿಲ್ಲ. ಮಗನನ್ನು ನೋಡಿ, "ಏನಂತಾಳ ಆಕಿ?" ಎಂದರು. ಗಂಡ ಜಮಖಾನದ ಪಟ್ಟೆ ನೋಡುತ್ತಿದ್ದರು.

"ಅವರನ್ನ ಕೇಳಬ್ಯಾಡ್ರಿ. ನಾನ ಕೇಳಾಕತ್ತೀನಿ. ಇವತ್ತು ಕಾರಿನ್ಯಾಗ ಬಂದ್ರಿ. ಎಷ್ಟು ಹೊತ್ತು ಹಿಡಿತು? ಗಡಿಯಾರ ನೋಡೇ ಇರ್ತೀರಿ."

ನೋಡಿದ್ದರು. ಆ ಚಟ ಅವರನ್ನು ಬಿಡಲಿಲ್ಲ. ಬಾಯಿಂದ ತಾನಾಗಿ ಬಂತು. "ತಾಸಿಗೆ ಐದು ನಿಮಿಷ ಕಮ್ಮಿ."

"ಐವತ್ತೈದು ನಿಮಿಷ. ಆ ಐವತ್ತೈದು ನಿಮಿಷದ ದಾರಿ ನನಗ ಆರು ದಿನ ಹಿಡಿತು. ಸೋಮವಾರ ಸುದ್ದಿ ಬಂದಿತ್ತು, ನೀವು ಬಚ್ಚಿಟ್ರಿ. ಯಾಕ? ನಿಮ್ಮ ಇಮಾನದ ಊಟಕ್ಕ ಹೋಳಿಗಿ ಮಾಡೋರು ಬೇಕಿತ್ತು. ನಮ್ಮವ್ವ ಬಾಗಿಲು ನೋಡ್ಕಂತ ಸತ್ಲು. ಆಕಿ ಸತ್ತ ಮನ್ಯಾಗ ಕುಂತು ದೂರ ಇಲ್ಲ ಅಂತೀರಲ್ಲ, ನಾಲಿಗಿ ಹೆಂಗ ಬರ್ತೈತಿ ನಿಮಗ?"

ರುಮಾಲಿನ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ. ಆಡಿದ್ದರೆ ಎಲ್ಲರೂ ನಗುತ್ತಿದ್ದರು, ನನಗೆ ಆ ನಗು ಬೇಡವಾಗಿತ್ತು.

ಮಾವನವರು ಹಿರಿಯರ ಕಡೆ ತಿರುಗಿ, ಮೆಲ್ಲಗೆ, ದೊಡ್ಡ ಮನಸ್ಸಿನವರ ಹಾಗೆ, "ದುಃಖದಾಗ ಹೆಣ್ಮಕ್ಕಳು ಏನೋ ಅಂತಾರ, ಮನಸಿಗೆ ಹಚ್ಚಿಕೊಳ್ಳಬಾರ್ದು" ಎಂದರು.

"ದುಃಖ ಅಲ್ರಿ ಇದು. ಸಿಟ್ಟು" ಎಂದೆ. "ದುಃಖ ಒಳಗ ಬ್ಯಾರೆ ಐತಿ. ಅದನ್ನ ನಿಮ್ಮ ಮುಂದ ತರಾಂಗಿಲ್ಲ."

ಅವರು ಎದ್ದರು. ನೀರು ಸಹ ಮುಟ್ಟದೆ ಹೋದರು. ಕಾರಿನ ಬಾಗಿಲು ಹಾಕಿದ ಸದ್ದು ಓಣಿಯ ಕೊನೆಯವರೆಗೂ ಕೇಳಿತು. ನಮ್ಮ ಕಡೆಯ ಹಿರಿಯರು ನನ್ನನ್ನು ಬೈದರು. ಬಂದ ಬೀಗರಿಗೆ ಹೀಗೆ ಅನ್ನುವುದಾ, ನಿನ್ನ ಸಂಸಾರ ಏನಾಗಬೇಕು ಎಂದರು. ಅಣ್ಣ ಮಾತ್ರ ಬೈಯಲಿಲ್ಲ. ಹೊರಗೆ ಹೋಗಿ ಒಂದು ತೆಂಗಿನಕಾಯಿ ತಂದು ಒಡೆದು, ಅದರ ನೀರು ಲೋಟಕ್ಕೆ ಬಗ್ಗಿಸಿ ನನ್ನ ಕೈಗೆ ಕೊಟ್ಟ.

ಏಳು ತಿಂಗಳು ಎಮ್ಮಿಗನೂರಿನಲ್ಲೇ ಇದ್ದೆ. ಅತ್ತಿಗೆಯ ಜತೆ ನೂಲು ಸುತ್ತಿದೆ, ಅಂಗಡಿಯಲ್ಲಿ ಕೂತೆ. ಮೂರನೆಯ ತಿಂಗಳಿಗೆ ಗಂಡ ಬಂದರು, ಸರ್ವೀಸ್ ಮೋಟಾರಿನಲ್ಲಿ. "ಅಪ್ಪಗ ಒಂದು ಮಾತು ತಪ್ಪಾತು ಅಂದುಬಿಡು. ಮುಗೀತೈತಿ" ಎಂದರು. ಆಗುವುದಿಲ್ಲ ಎಂದೆ. ಊಟ ಮಾಡಿ ಹೋದರು. ಏಳನೆಯ ತಿಂಗಳಿಗೆ ಮತ್ತೆ ಬಂದರು. ಈ ಸಲ ತಪ್ಪಿನ ಮಾತು ಎತ್ತಲಿಲ್ಲ. ಅಂಗಡಿಯ ಮುಂದೆ ನಿಂತು, "ಅವತ್ತು ನಿನಗ ನಾನು ಜೋಡಿ ಬರಬೇಕಾಗಿತ್ತು. ಹಿತ್ತಲದಾಗ ಮುಖ ತೊಳಕಂತ ನಿಂತೆ. ಅದು ನನ್ನ ತಪ್ಪು" ಎಂದರು. ನನಗೆ ಅಷ್ಟು ಸಾಕಾಗಿರಲಿಲ್ಲ. ಆದರೂ ಆ ಮನೆಯಲ್ಲಿ ಯಾರಾದರೂ ತಪ್ಪು ಎಂಬ ಮಾತು ಆಡಿದ್ದು ನಾನು ಕೇಳಿದ್ದು ಅದೇ ಮೊದಲು.

ಅವರಿಗೆ ಹೇಳಿದೆ. "ಬರ್ತೀನಿ. ಇನ್ನ ಎಲ್ಲಿಗಾರ ಹೋಗಬೇಕಾದ್ರ ನಾನು ಯಾರನ್ನೂ ಕೇಳಾಂಗಿಲ್ಲ. ಹೇಳಿ ಹೋಗ್ತೀನಿ."

"ಅಪ್ಪ ಒಪ್ಪಾಂಗಿಲ್ಲ."

"ಅವರು ಒಪ್ಪೋದು ಬ್ಯಾಡ. ನೀವು ಅಡ್ಡ ಬರಬ್ಯಾಡ್ರಿ."

ಬಂದೆ. ಮಾವನವರು ಅವತ್ತಿನಿಂದ ಸಾಯುವವರೆಗೂ ನನ್ನ ಜತೆ ಮಾತಾಡಲಿಲ್ಲ. ನಾನೂ ಆಡಲಿಲ್ಲ. ದಿನಾ ಎರಡು ಹೊತ್ತು ಅವರಿಗೆ ಬಡಿಸಿದೆ, ಕೊನೆಯ ವರ್ಷ ಹಾಸಿಗೆ ಹಿಡಿದಾಗ ಗಂಜಿ ಕುಡಿಸಿದೆ, ಒರೆಸಿದೆ. ಜನ ಅದನ್ನು ನೋಡಿ, ಸೊಸೆ ಎಲ್ಲ ಮರೆತಳು ಎಂದರು. ಮರೆತಿರಲಿಲ್ಲ. ಕೈ ಕೆಲಸ ಮಾಡುತ್ತಿತ್ತು, ಅಷ್ಟೇ. ನೋಡಲು ಬಂದವರಿಗೆ ಅವರು ಆಗಲೂ ಬಳ್ಳಾರಿ ಬಯಲಿನಿಂದ ಶುರುಮಾಡುತ್ತಿದ್ದರು. ನಾನು ಬಟ್ಟಲು ಎತ್ತಿಕೊಂಡು ಹೊರಗೆ ಬರುತ್ತಿದ್ದೆ.

ತಿರುಗಿ ಬಂದ ಮೇಲೆ ನಾನು ಒಂದು ಪದ್ಧತಿ ಇಟ್ಟುಕೊಂಡೆ. ತಿಂಗಳಿಗೆ ಒಂದು ಸಲ, ಯಾವ ವಾರ ಬಂದರೆ ಆ ವಾರ, ಅಮಾವಾಸ್ಯೆ ಆಗಲಿ ಹುಣ್ಣಿಮೆ ಆಗಲಿ, ಸರ್ವೀಸ್ ಮೋಟಾರು ಹತ್ತಿ ಎಮ್ಮಿಗನೂರಿಗೆ ಹೋಗುತ್ತಿದ್ದೆ. ಯುದ್ಧ ಶುರುವಾಗಿ ಪೆಟ್ರೋಲು ಸಿಗದೆ ಮೋಟಾರಿಗೆ ಇದ್ದಿಲ ಒಲೆ ಕಟ್ಟಿದ ಕಾಲದಲ್ಲೂ ಹೋದೆ. ಹೊಗೆ ಕುಡಿದು ಮುಖವೆಲ್ಲ ಮಸಿ. ಆಮೇಲೆ ಕಂಕುಳಲ್ಲಿ ಒಂದು ಕೂಸು, ಕೈಯಲ್ಲಿ ಇನ್ನೊಂದು. ಏರು ಬಂದರೆ ಎಲ್ಲರೂ ಇಳಿದು ತಳ್ಳಬೇಕು, ನಾನೂ ತಳ್ಳಿದ್ದೇನೆ. ಅತ್ತೆ ಬಾಗಿಲಲ್ಲಿ ನಿಂತು, "ಅವ್ವ ಇಲ್ಲದ ತೌರಿಗೆ ಏನಿದ್ದೀತು ಕೆಲಸ?" ಎಂದು ಕೇಳುತ್ತಿದ್ದರು.

ಕೆಲಸ ಏನೂ ಇರುತ್ತಿರಲಿಲ್ಲ. ಅತ್ತಿಗೆಯ ಜತೆ ಜಗಲಿಯಲ್ಲಿ ಕೂತು ಒಂದು ಬಟ್ಟಲು ಮಂಡಕ್ಕಿ ತಿನ್ನುತ್ತಿದ್ದೆ. ಅವಳು ಓಣಿಯ ಸುದ್ದಿ ಹೇಳುತ್ತಿದ್ದಳು. ಸಂಜೆಯ ಮೋಟಾರಿಗೆ ತಿರುಗಿ ಬಂದು ರೊಟ್ಟಿಗೆ ಹಿಟ್ಟು ಕಲಸುತ್ತಿದ್ದೆ.